ಹಳದಿ ಕಂಬ ಮುಟ್ಟಿದವರು

ಮೊದಲು ಬೆಲ್ಟಿನ ಪಟ ಪಟ ಪಟ. ಆಮೇಲೆ ತುತ್ತು ನುಂಗಿದಂತೆ ಒಂದು ಸಣ್ಣ ಮೌನ. ಮತ್ತೆ ಇಡೀ ಬೀದಿಯನ್ನು ತುಂಬಿಕೊಳ್ಳುವ ಗುಂಯ್ ಎನ್ನುವ ನಾದ. ಉತ್ತರಹಳ್ಳಿಯಲ್ಲಿ ಅಪಾರ್ಟ್‌ಮೆಂಟುಗಳ ಬೆನ್ನಿಗೆ ಸಿಕ್ಕಿಕೊಂಡಿರುವ ನಮ್ಮ ಹಳೇ ಬೀದಿಗೆ ಬೆಳಗಾಗುವುದು ಸೊಣ್ಣಮ್ಮನ ಹಿಟ್ಟಿನ ಗಿರಣಿಯಿಂದ. ರಾಗಿಯ ಬೆಚ್ಚನೆಯ ವಾಸನೆ ಮೆಟ್ಟಿಲು ಹತ್ತಿ ನನ್ನ ಬಾಡಿಗೆ ಕೋಣೆಯ ಕಿಟಕಿಗೂ ಬರುತ್ತದೆ. ಗಿರಣಿಗೆ ಗೋಡೆ ಅಂಟಿಸಿಕೊಂಡಿರುವ ಕೆಳಗಿನ ಮನೆ ಇಂದ್ರಾಣಿಯದು.

"ಸೊಣ್ಣಕ್ಕ, ಬೆಲ್ಟ್ ಸಡಿಲ ಆಗಿದೆ, ನೋಡ್ಕೊ," ಎಂದು ಅವಳು ಹಲ್ಲುಜ್ಜುತ್ತಲೇ ಗೋಡೆಯಾಚೆಗೆ ಕೂಗುತ್ತಾಳೆ.

"ಸಡಿಲ ಆಗಿರೋದು ನಿನ್ ಕಿವಿ. ಹೋಗು, ನಿನ್ ರೋಬೋಟ್‌ಗೆ ಹಾಲು ಕುಡಿಸೋ ಹೊತ್ತಾಯ್ತು," ಎಂದು ಅತ್ತಲಿಂದ ಉತ್ತರ.

ಇಂದ್ರಾಣಿಗೆ ನಲವತ್ತರ ಹತ್ತಿರ. ತೆಳ್ಳಗಿನ ಮೈ, ಅಗಲವಾದ ಅಂಗೈ, ನಡೆದರೆ ಪಕ್ಕದವರು ಓಡಬೇಕು. ಮನೆಯಲ್ಲಿ ಅಪ್ಪ ಯಲ್ಲಯ್ಯ, ಅವ್ವ ತಿಮ್ಮಕ್ಕ ಮತ್ತು ಅವಳು. ಕೆಲಸ ಸಾರಕ್ಕಿಯ ಕೈಗಾರಿಕಾ ಬಡಾವಣೆಯ ಒಂದು ಕಂಪನಿಯಲ್ಲಿ. ಆಸ್ಪತ್ರೆಯ ಉಸಿರಾಟದ ಯಂತ್ರಗಳಿಗೆ ಬೇಕಾದ ಪುಟ್ಟ ಪುಟ್ಟ ಕವಾಟಗಳನ್ನು, ಅಂದರೆ ವಾಲ್ವ್‌ಗಳನ್ನು, ಅಲ್ಲಿ ಮಾಡುತ್ತಾರೆ. ಅದೇ ಕಂಪನಿಯ ಪ್ಲಾನಿಂಗ್ ವಿಭಾಗದಲ್ಲಿ ನನಗೂ ಕೆಲಸವಿರುವುದರಿಂದ ಬನಶಂಕರಿ ದಾಟಿ ಹೋಗುವ ಬಸ್ಸಿನಲ್ಲಿ ನಾವಿಬ್ಬರೂ ಜೊತೆಗೇ ಹೋಗುತ್ತೇವೆ. ಅವಳು ಪ್ಯಾಕಿಂಗ್‌ನಲ್ಲಿ ಡಬ್ಬ ಮಡಚುತ್ತಾ ಸೇರಿಕೊಂಡವಳು. ಊಟದ ಬಿಡುವಿನಲ್ಲಿ ಮೆಷಿನ್‌ಗಳ ಹಿಂದೆ ನಿಂತು ನೋಡಿ ನೋಡಿ, ಕೇಳಿ ಕೇಳಿ, ಸಂಜೆಯ ಐಟಿಐಗೆ ಹೋಗಿ ಆಪರೇಟರ್ ಆದಳು.

ಯಲ್ಲಯ್ಯ ಲೇತ್ ಕೆಲಸಗಾರ. ಯಡಿಯೂರಿನ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕಣ್ಣು ಮಂಜಾಗುವವರೆಗೂ ದುಡಿದವನು. ಬೆಳಿಗ್ಗೆ ಸ್ವಿಚ್ ಹಾಕುವ ಮುಂಚೆ ಲೇತಿನ ಮೈಗೆ ಬೆರಳು ತಾಗಿಸಿ, ಆ ಬೆರಳುಗಳನ್ನು ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಅವರ ಮನೆಯಲ್ಲಿ ಬುದ್ಧನ ಪಟವಿದೆ. ಪೂಜೆ, ಮಂಗಳಾರತಿ ಇಲ್ಲ. ಆದರೂ ಈ ಒಂದು ಮುಟ್ಟುವಿಕೆ ಉಳಿದುಕೊಂಡಿದೆ. "ಅದು ದೇವ್ರಿಗಲ್ಲ ಕಣವ್ವ, ಕೆಲ್ಸಕ್ಕೆ," ಎನ್ನುತ್ತಾನೆ ಯಲ್ಲಯ್ಯ. ಮಗಳು ಅದನ್ನು ಹಾಗೇ ಕಲಿತಳು. ಅವಳೊಬ್ಬಳೇ ಏನಲ್ಲ. ನಮ್ಮ ಫ್ಯಾಕ್ಟರಿಯಲ್ಲಿ ಯಾವ ಜಾತಿ, ಯಾವ ಊರಿನವರೇ ಇರಲಿ, ಪಾಳಿ ಶುರುವಾಗುವಾಗ ತಮ್ಮ ಮೆಷಿನ್ ಮುಟ್ಟಿ ಕಣ್ಣಿಗೊತ್ತಿಕೊಳ್ಳದವರನ್ನು ನಾನು ನೋಡಿಲ್ಲ.

ಹೋದ ವರ್ಷ ಅಲ್ಲಿಗೆ ನಾಲ್ಕನೇ ಸೆಲ್ ಬಂತು. ಒಂದು ಭಾಗವನ್ನು ಮೊದಲಿನಿಂದ ಕೊನೆವರೆಗೂ ಮಾಡಿ ಮುಗಿಸುವ ಮೆಷಿನ್‌ಗಳ ಗುಂಪಿಗೆ ನಮ್ಮಲ್ಲಿ ಸೆಲ್ ಎನ್ನುತ್ತಾರೆ. ಮೂರು ಕಡೆ ಗಾಜಿನ ಗೋಡೆ, ಒಳಗೆ ಒಂದೇ ಒಂದು ಬಿಳಿ ತೋಳಿನ ರೋಬೋಟ್. ಟ್ರೇಯಿಂದ ಲೋಹದ ತುಂಡನ್ನು ಎತ್ತಿ, ಕೊರೆಯುವ ಮೆಷಿನ್‌ಗೆ ಕೊಟ್ಟು, ಕವಾಟವಾಗಿ ಹೊರಬಂದದ್ದನ್ನು ಕ್ಯಾಮೆರಾಗೆ ತೋರಿಸಿ, ಪಕ್ಕಕ್ಕಿಡುತ್ತದೆ. ಪುಟ್ಟೇನಹಳ್ಳಿ ಕೆರೆಯಲ್ಲಿ ಕೊಕ್ಕರೆ ನೀರಿಗೆ ಬಗ್ಗಿದಂತೆ ಅದು ಬಗ್ಗುತ್ತದೆ. ಅಷ್ಟೇ ತಾಳ್ಮೆ, ಅಷ್ಟೇ ಖಚಿತ. ಮುಂಭಾಗ ಮಾತ್ರ ತೆರೆದೇ ಇದೆ. ಅಲ್ಲಿ ಎದುರುಬದುರಾಗಿ ಎರಡು ಹಳದಿ ಕಂಬಗಳು. ಒಂದರಿಂದ ಇನ್ನೊಂದಕ್ಕೆ ಕಣ್ಣಿಗೆ ಕಾಣದ ಬೆಳಕಿನ ಎಳೆಗಳು ಹರಿಯುತ್ತವೆ. ಯಾರ ಕೈಯಾದರೂ ಆ ಎಳೆಗಳಿಗೆ ಅಡ್ಡ ಬಂದರೆ ತೋಳು ಇದ್ದಲ್ಲೇ ನಿಂತುಬಿಡುತ್ತದೆ. ಮನುಷ್ಯರ ಕೈ ಉಳಿಯಲೆಂದೇ ಮಾಡಿದ ಏರ್ಪಾಡು.

ಆ ಸೆಲ್ಲನ್ನು ಪೆಟ್ಟಿಗೆಯಿಂದ ಇಳಿಸಿದ ದಿನದಿಂದ ಇಂದ್ರಾಣಿ ಅದರ ಜೊತೆಗಿದ್ದಳು. ಇಂಜಿನಿಯರ್ ವಿಶ್ರುತ್ ಅದಕ್ಕೆ ಚಲನೆ ಕಲಿಸಿದ. ಅವಳು ಮತ್ತು ಮಹೇಶ ಅದನ್ನು ನಡೆಸಲು ಕಲಿತರು. ಎಲ್ಲ ಸರಿಹೋದರೆ ಸೆಲ್ ಲೀಡರ್ ಅವಳೇ ಎಂದು ಪ್ರೊಡಕ್ಷನ್ ಹೆಡ್ ಸತ್ಯಭಾಮಾ ಮೇಡಂ ಹೇಳಿದ್ದರು. ನಮ್ಮಲ್ಲಿ ಹೆಂಗಸೊಬ್ಬಳು ಸೆಲ್ ನಡೆಸಿದ್ದು ಇದುವರೆಗೆ ಇಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೂ ಅವಳ ಇನ್ನೊಂದು ಕೈ ಗಾಳಿಯಲ್ಲಿ ಟ್ರೇ ಜೋಡಿಸುತ್ತಿರುತ್ತಿತ್ತು.

ಆದರೆ ಎಲ್ಲ ಸರಿಹೋಗಲಿಲ್ಲ. ಪಾಳಿ ಶುರುವಾಗಿ ಸ್ವಲ್ಪ ಹೊತ್ತಾಗುತ್ತಿದ್ದಂತೆ ಸೆಲ್ ನಿಲ್ಲತೊಡಗಿತು. ಯಾರೂ ಹತ್ತಿರವಿಲ್ಲ, ಯಾವ ಕೈಯೂ ಒಳಗಿಲ್ಲ. ಆದರೂ ಬೆಳಕಿನ ಎಳೆ ಕಡಿದಿದೆ ಎಂದು ಪರದೆಯ ಮೇಲೆ ಬರೆದು, ತೋಳು ಅರ್ಧ ಕವಾಟವನ್ನು ಹಿಡಿದುಕೊಂಡು ಗಾಳಿಯಲ್ಲಿ ಸ್ತಬ್ಧವಾಗುತ್ತಿತ್ತು. ಅದನ್ನು ಮೊದಲ ಜಾಗಕ್ಕೆ ತಂದು ಮತ್ತೆ ಹೊರಡಿಸುವಷ್ಟರಲ್ಲಿ ಮೆಷಿನ್ ತಣ್ಣಗಾಗಿ, ಮುಂದಿನ ಕವಾಟಗಳ ಅಳತೆ ಕೂದಲೆಳೆ ತಪ್ಪಿ, ಅವೆಲ್ಲ ಕೆಂಪು ಡಬ್ಬಿ ಸೇರುತ್ತಿದ್ದವು. ಸಂಜೆಯವರೆಗೂ ಹೀಗೇ ನಿಂತು ನಿಂತು ಓಡುತ್ತಿತ್ತು. ಮರುದಿನ ಬೆಳಿಗ್ಗೆ ಮತ್ತದೇ ಕಥೆ.

ವಿಶ್ರುತ್ ವೈರು ನೋಡಿದ, ವೋಲ್ಟೇಜು ನೋಡಿದ, ಕಿಟಕಿಯ ಬಿಸಿಲೇ ಕಾರಣವಿರಬಹುದೆಂದು ಕಪ್ಪು ಪರದೆ ಕಟ್ಟಿದ. ಮೆಷಿನ್‌ನ ನಡುಕಕ್ಕೆ ಜರುಗಿವೆಯೆಂದುಕೊಂಡು ಪ್ರತಿ ಸಂಜೆ ಕಂಬಗಳನ್ನು ನೆಟ್ಟಗೆ ಮಾಡಿ ಮನೆಗೆ ಹೋಗುತ್ತಿದ್ದ.

"ಸಾರ್, ಇದಕ್ಕೆ ದೃಷ್ಟಿ ಆಗಿದೆ. ನಿಂಬೆಹಣ್ಣು ತರ್ಲಾ?" ಎಂದ ಮಹೇಶ.

"ತಗೊಂಬಾ ಗುರು. ಜ್ಯೂಸ್ ಮಾಡ್ಕೊಂಡು ನಾನೇ ಕುಡೀತೀನಿ."

ಅಷ್ಟರಲ್ಲಿ ಪುಣೆಯ ಮುಖ್ಯ ಕಚೇರಿಯಿಂದ ಮಾತು ಬಂತು. ಕವಾಟ ಕೊಳ್ಳುವ ಗ್ರಾಹಕ ಕಂಪನಿಯವರು ಶುಕ್ರವಾರ ಬೆಳಿಗ್ಗೆ ಪಾಳಿ ಶುರುವಾಗುವಾಗಲೇ ಬಂದು ನೋಡುತ್ತಾರೆ. ಅವರ ಮುಂದೆ ನಿಂತರೆ ಸೆಲ್ಲನ್ನು ಬಿಚ್ಚಿ ಪುಣೆಯ ಫ್ಯಾಕ್ಟರಿಗೆ ಸಾಗಿಸುವುದು. ಅಂದರೆ ಇಂದ್ರಾಣಿ ಮತ್ತೆ ಹಳೇ ಮೆಷಿನ್‌ಗೆ. ಅವಳು ಅದನ್ನು ಕೇಳಿ, ಬಟ್ಟೆ ತೆಗೆದುಕೊಂಡು ಗಾಜಿನ ಗೋಡೆ ಒರೆಸತೊಡಗಿದಳು.

ಸತ್ಯಭಾಮಾ ಮೇಡಂ ಎಲ್ಲರನ್ನೂ ಕ್ಯಾಂಟೀನಿನಲ್ಲಿ ಸೇರಿಸಿದರು. ಜಯನಗರದ ಹಳೇ ಮನೆತನದ ಹೆಂಗಸು. ದನಿ ಎತ್ತದೆ ಮಾತಾಡುತ್ತಾರೆ. "ಈ ಸೆಲ್ ಇಂದ್ರಾಣೀದು, ವಿಶ್ರುತ್‌ದು ಅಂತ ದೂರ ನಿಲ್ಬೇಡಿ. ಪ್ಯಾಕಿಂಗ್, ಸ್ಟೋರ್ಸ್, ಕ್ಯಾಂಟೀನ್, ಎಲ್ರದೂ ಇದು. ಎಲ್ರೂ ನಮ್ದು ಅಂದ್ಕೊಂಡ್ರೆ ಮಾತ್ರ ಉಳಿಯುತ್ತೆ."

ಮಾತು ಎಲ್ಲರಿಗೂ ನಾಟಿತು. ಮರುದಿನ ಜನ ಗೇಟು ತೆರೆಯುವ ಮುಂಚೆಯೇ ಬಂದು ನಿಂತಿದ್ದರು. ಅಂದು ಸೆಲ್ ಹಿಂದೆಂದೂ ನಿಲ್ಲದಷ್ಟು ಸಲ ನಿಂತಿತು.

ವಿಶ್ರುತ್‌ಗೆ ತಲೆ ಕೆಟ್ಟುಹೋಯಿತು. ಭಾನುವಾರ ರಜೆಯ ದಿನ ಒಬ್ಬನೇ ಬಂದು ಸೆಲ್ ನಡೆಸಿದ. ಒಮ್ಮೆಯೂ ನಿಲ್ಲಲಿಲ್ಲ. ಸೋಮವಾರ ಎಲ್ಲರೂ ಬಂದರು, ಮತ್ತೆ ನಿಂತಿತು. ಈ ಸುದ್ದಿ ಟೀ ಹೊತ್ತಿಗೆ ಎಲ್ಲ ಕಡೆ ಹರಡಿ, ಹರಡುತ್ತಾ ಬಣ್ಣ ಬದಲಾಯಿಸಿತು.

"ಅಂದ್ರೆ ನಮ್ಮಲ್ಲೇ ಯಾರೋ ಬೇಕಂತ ಕೆಡಿಸ್ತಿದಾರೆ ಅಂತಾನಾ ಸಾರ್?" ಎಂದು ಮಹೇಶ ನೇರವಾಗಿ ಕೇಳಿದ. ನಗುವಿರಲಿಲ್ಲ.

"ನಾನ್ ಹಂಗ್ ಹೇಳ್ಲಿಲ್ಲಪ್ಪ. ಒಂದ್ ಕ್ಯಾಮೆರಾ ಇಟ್ಟು ನೋಡೋಣ ಅಂದೆ ಅಷ್ಟೆ."

ಇಂದ್ರಾಣಿ ಅಡ್ಡ ಬಂದಳು. "ಇಡಿ ಸಾರ್. ಆದ್ರೆ ಕದ್ದು ಇಡ್ಬೇಡಿ. ಎಲ್ರಿಗೂ ಹೇಳಿ ಇಡಿ."

ಹಾಗೇ ಹೇಳಿ ಇಟ್ಟರು. ಮಂಗಳವಾರ ಸಂಜೆ ತೊಲೆಯೊಂದಕ್ಕೆ ವಿಶ್ರುತ್‌ನ ಫೋನು ಕಟ್ಟಿದ್ದಾಯಿತು. ಮರುದಿನ ಬೆಳಿಗ್ಗೆ ಅರ್ಧ ಜನ ತಲೆ ಬಾಚಿಕೊಂಡು, ಒಗೆದ ಅಂಗಿ ಹಾಕಿಕೊಂಡು ಬಂದಿದ್ದರು. ಪ್ಯಾಕಿಂಗ್‌ನ ಶ್ವೇತ ಮಲ್ಲಿಗೆ ಮುಡಿದಿದ್ದಳು.

ಸೆಲ್ ಎಂದಿನಂತೆ ನಿಂತಿತು. ಊಟದ ಹೊತ್ತಿಗೆ ವಿಶ್ರುತ್, ಇಂದ್ರಾಣಿ, ಮಹೇಶ, ನಾನು, ನಮ್ಮ ಪ್ಲಾನಿಂಗ್ ಕೋಣೆಯ ಮೇಜಿನ ಮೇಲೆ ಫೋನು ನಿಲ್ಲಿಸಿ ನೋಡಿದೆವು. ಮೊದಲು ಕಂಡದ್ದು ಸುಮ್ಮನೆ ಬೆಳಗಿನ ಗದ್ದಲ. ಜನ ಒಳಗೆ ಬರುತ್ತಾರೆ. ಬಂದವರು ತಮ್ಮ ಮೆಷಿನ್‌ಗೆ ಹೋಗುವ ಮುಂಚೆ ಸುತ್ತು ಹಾಕಿ ನಾಲ್ಕನೇ ಸೆಲ್ಲಿನ ಕಡೆಗೆ ಬರುತ್ತಾರೆ. ಬಲಗಡೆಯ ಹಳದಿ ಕಂಬಕ್ಕೆ ಕೈ ಇಟ್ಟು, ಕಣ್ಣಿಗೊತ್ತಿಕೊಂಡು ಹೋಗುತ್ತಾರೆ. ಒಬ್ಬರಾದ ಮೇಲೆ ಒಬ್ಬರು. ಒಳಗೆ ಕೈ ಹಾಕಬಾರದೆಂದು ಎಲ್ಲರಿಗೂ ಗೊತ್ತು, ಹಾಗಾಗಿ ಹೊರಗಿರುವ ಕಂಬ. ಪ್ಯಾಕಿಂಗ್‌ನ ಹೆಂಗಸರು, ಸ್ಟೋರ್ಸ್‌ನವರು, ಕ್ಯಾಂಟೀನಿನ ಅಡುಗೆಯವರು ಕೈ ಒರೆಸಿಕೊಂಡು. ಇಂದ್ರಾಣಿ ಎರಡು ಸಲ. ಸ್ಟೋರ್ಸ್‌ನ ಹಿರಿಯರೊಬ್ಬರು ಕಂಬಕ್ಕೆ ಹಣೆಯನ್ನೇ ಹಚ್ಚಿ ನಿಂತುಬಿಟ್ಟಿದ್ದರು.

"ಇದ್ರಲ್ಲಿ ಏನಿದೆ? ದಿನಾ ಮಾಡೋದೇ ತಾನೆ," ಎಂದ ಮಹೇಶ.

"ಅಲ್ನೋಡಿ, ನೀವೂ ಬಂದ್ರಿ," ಎಂದಳು ಇಂದ್ರಾಣಿ. ಸಾಲಿನ ಕೊನೆಯಲ್ಲಿ ವಿಶ್ರುತ್. ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು, ಯಾವುದೋ ಯೋಚನೆಯಲ್ಲಿ, ಕಂಬ ಮುಟ್ಟಿ ಎದೆಗೆ ಒತ್ತಿಕೊಂಡ. ಆ ಕ್ಷಣದಲ್ಲಿ ಕಂಬದ ತುದಿಯ ಹಸಿರು ದೀಪ ಕಿತ್ತಳೆಯಾಗಿ, ಮತ್ತೆ ಹಸಿರಾಯಿತು.

ವಿಶ್ರುತ್ ಫೋನಿನ ಹತ್ತಿರಕ್ಕೆ ಮುಖ ತಂದ. ಹಿಂದಕ್ಕೆ ಓಡಿಸಿದ. ಶ್ವೇತಳ ಕೈ ಬಿತ್ತು; ದೀಪ ಕಿತ್ತಳೆ. ಹಿರಿಯರ ಹಣೆ ತಾಗಿತು, ಕಿತ್ತಳೆ. ಒಂದೊಂದು ಕೈಗೂ ಕಂಬ ನೂಲಿನಷ್ಟು ವಾಲುತ್ತಿತ್ತು. ಎದುರಿನ ಕಂಬವನ್ನು ನೆಟ್ಟಗೆ ನೋಡಬೇಕಾದ್ದು ಓರೆಯಾಗಿ ನೋಡುತ್ತಿತ್ತು. ಎಲ್ಲರೂ ಹೋದ ಮೇಲೆ ಮೆಷಿನ್‌ನ ನಡುಕಕ್ಕೆ ಇನ್ನಷ್ಟು ಜರುಗಿ, ಬೆಳಕಿನ ಎಳೆ ಗುರಿ ತಪ್ಪಿ, ಸೆಲ್ ನಿಲ್ಲುತ್ತಿತ್ತು. ದೀಪವನ್ನು ಯಾರೂ ಯಾಕೆ ಕಂಡಿರಲಿಲ್ಲ ಎಂದರೆ, ಮುಟ್ಟುವ ಕ್ಷಣಕ್ಕೆ ಎಲ್ಲರೂ ಕಣ್ಣು ಮುಚ್ಚಿರುತ್ತಿದ್ದರು.

"ಭಾನುವಾರ ಮುಟ್ಟಿದ್ರಾ ಸಾರ್?" ಇಂದ್ರಾಣಿಯ ದನಿ ಸಣ್ಣಗಿತ್ತು.

"ಇಲ್ಲ. ಯಾರೂ ಇರ್ಲಿಲ್ವಲ್ಲ, ನೆನಪೇ ಆಗ್ಲಿಲ್ಲ."

ಮಹೇಶ ಮೊದಲು ನಕ್ಕ. ಆಮೇಲೆ ವಿಶ್ರುತ್ ಕುರ್ಚಿಗೆ ಒರಗಿ ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಸೆಲ್ ಉಳಿಯಲಿ ಎಂದು ಎಲ್ಲರೂ ಸೇರಿ ಅದನ್ನು ದಿನಾ ನಿಲ್ಲಿಸುತ್ತಿದ್ದೆವು. ಇಂದ್ರಾಣಿ ಮಾತ್ರ ತನ್ನ ಅಂಗೈಯನ್ನೇ ನೋಡುತ್ತಿದ್ದಳು. ಸಾಲಿನಲ್ಲಿ ಎರಡು ಸಲ ನಿಂತವಳು ಅವಳೊಬ್ಬಳೇ.

ಸತ್ಯಭಾಮಾ ಮೇಡಂ ವಿಷಯ ಕೇಳಿ ಒಂದೇ ಮಾತು ಹೇಳಿದರು: "ಒಂದು ಬೋರ್ಡ್ ಬರೆಸಿ. ದೊಡ್ಡದಾಗಿ, ಕನ್ನಡದಲ್ಲಿ. ಮುಟ್ಟಬೇಡಿ ಅಂತ. ಇಂದ್ರಾಣಿ, ನಾಳೆ ಬೆಳಿಗ್ಗೆ ಅಲ್ಲಿರ್ಬೇಕು."

ನನ್ನ ಅಕ್ಷರ ಚೆನ್ನಾಗಿದೆ ಎಂದು ಸಂಜೆ ಇಂದ್ರಾಣಿ ನನ್ನನ್ನು ಕೆಳಗೆ ಕರೆದಳು. ನೆಲದ ಮೇಲೆ ದಪ್ಪ ಹಾಳೆ ಹಾಸಿ ನಾನು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದೆ. ಒಲೆಯ ಹತ್ತಿರ ತಿಮ್ಮಕ್ಕ ಮುದ್ದೆ ತೊಳಸುತ್ತಿದ್ದಳು. ಯಲ್ಲಯ್ಯ ಬಾಗಿಲ ಬಳಿಯ ಮಂಚದಿಂದ ಕೇಳಿದ.

"ಏನ್ ಬರೀತಿದೀರವ್ವಾ?"

"ಮುಟ್ಟಬೇಡಿ ಅಂತ, ತಾತ. ಫ್ಯಾಕ್ಟರೀಲಿ ಹಾಕೋಕೆ," ಎಂದೆ.

ಪಾತ್ರೆಯಲ್ಲಿ ಕೋಲು ತಿರುಗುವ ಸದ್ದು ನಿಂತಿತು. "ನಮ್ಮಪ್ಪನ ಕಾಲ್ದಾಗೆ ಅದನ್ನ ಬರ್ದು ಹಾಕ್ತಿರ್ಲಿಲ್ಲ," ಎಂದ ಯಲ್ಲಯ್ಯ. "ಈ ಊರಿನ್ ಬಾವಿ ಹತ್ರ ಹೋದ್ರೆ, ಬರೀದೇನೇ ನಮ್ಗೆ ಗೊತ್ತಿರ್ತಿತ್ತು."

ಅಷ್ಟೇ ಹೇಳಿದ್ದು. ಕೋಪವಿರಲಿಲ್ಲ, ದುಃಖವೂ ಇರಲಿಲ್ಲ; ಬಸ್ಸಿನ ನಂಬರು ಹೇಳಿದಂತೆ ಹೇಳಿದ. ಇಂದ್ರಾಣಿ ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, ಹಾಳೆ ಸುರುಳಿ ಸುತ್ತಿ, ಬೀರುವಿನ ಮೇಲಿಟ್ಟಳು. ಊಟ ಮುಗಿಸಿ ಕೈ ತೊಳೆಯುವಾಗ ಥಟ್ಟನೆ ತಿರುಗಿ ಕೇಳಿದಳು: "ರೋಬೋಟ್ ಬಂದ ಪೆಟ್ಟಿಗೆ ತಳದಲ್ಲಿ ಒಂದು ಕಬ್ಬಿಣದ ಹಲಗೆ ಇತ್ತಲ್ಲ, ಎಲ್ಲಾಕಿದಾರೆ?"

ಮರುದಿನ ಗುರುವಾರ. ಮೇಡಂ ಸೆಲ್ಲಿನ ಮುಂದೆ ಕಾಯುತ್ತಿದ್ದರು.

"ಬೋರ್ಡ್ ಎಲ್ಲಿ?"

"ಬರೀಲಿಲ್ಲ ಮೇಡಂ."

"ಯಾಕೆ?"

"ಆ ಮಾತು ಬೇಡ ಮೇಡಂ. ಮನೇಲಿ ಬರೆಯೋಕೆ ಆಗ್ಲಿಲ್ಲ."

ಸತ್ಯಭಾಮಾ ಮೇಡಂ ಅವಳ ಮುಖವನ್ನು ನೋಡಿದರು. "ಮತ್ತೆ ಏನ್ಮಾಡ್ತೀಯ?"

"ಜನ ಮುಟ್ಲೇಬೇಕು ಮೇಡಂ. ಮುಟ್ದೇ ಇದ್ರೆ ಅವ್ರಿಗೆ ಕೈಯೇ ಓಡಲ್ಲ, ನಂಗೂ ಅಷ್ಟೆ. ಮುಟ್ಟೋಕೆ ಬೇರೆ ಏನಾದ್ರೂ ಕೊಡೋಣ. ಕಂಬದಿಂದ ದೂರ, ಬರೋ ದಾರೀಲೇ."

"ನಾಳೆ ಅವ್ರ ಮುಂದೆ ಒಂದೇ ಒಂದು ಸಲ ನಿಂತ್ರೂ ನನ್ ಹತ್ರ ಹೇಳೋಕೆ ಏನೂ ಇರಲ್ಲ, ಇಂದ್ರಾಣಿ."

"ನನ್ ಹತ್ರಾನೂ ಇರಲ್ಲ ಮೇಡಂ."

ಮೇಡಂ ವಾಚು ನೋಡಿಕೊಂಡು, "ಸಂಜೆಯೊಳಗೆ ಮುಗಿಸು," ಎಂದು ಹೊರಟುಹೋದರು.

ಗುಜರಿಯ ಶೆಡ್ಡಿನ ಹಿಂದೆ, ಹುಲ್ಲಿನ ನಡುವೆ ಆ ಹಲಗೆ ಸಿಕ್ಕಿತು. ರೋಬೋಟು ಸಮುದ್ರ ದಾಟಿ ಬರುವಾಗ ಅದರ ಪಾದವನ್ನು ಬಿಗಿದಿದ್ದ ಕಬ್ಬಿಣ. ಮಹೇಶ, ವಿಶ್ರುತ್, ಇಂದ್ರಾಣಿ ಮೂವರೂ ಎಳೆದು ತಂದರು. ತುಕ್ಕು ಉಜ್ಜಿದರು, ಎಣ್ಣೆ ಸವರಿದರು. ನಡೆಯುವ ದಾರಿಯ ಬದಿಯಲ್ಲಿ, ಎದೆಯ ಎತ್ತರಕ್ಕೆ ಒಂದು ಹಳೇ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದಾಗ ಅದು ಕೆರೆಯ ನೀರಿನಂತೆ ಕಪ್ಪಗೆ ಹೊಳೆಯಿತು. ವಿಶ್ರುತ್ ಹಳದಿ ಕಂಬಗಳನ್ನು ನೆಟ್ಟಗೆ ಮಾಡಿ ಬೋಲ್ಟ್ ಬಿಗಿದ. ಇಂದ್ರಾಣಿ ಟೀ ಹೊತ್ತಿನಲ್ಲಿ ಒಂದೊಂದು ವಿಭಾಗಕ್ಕೂ ಹೋಗಿ ಹೇಳಿದಳು.

"ಅಕ್ಕ, ಕಬ್ಬಿಣದ ತಗಡು ಮುಟ್ಟಿದ್ರೆ ರೋಬೋಟ್‌ಗೆ ಗೊತ್ತಾಗುತ್ತಾ?" ಎಂದು ಶ್ವೇತ ಕೇಳಿದಳು.

"ಕಂಬ ಮುಟ್ಟಿದ್ರೆ ಗೊತ್ತಾಗ್ತಿತ್ತಲ್ಲೇ, ಅದೇ ಆಗಿದ್ದು ತೊಂದ್ರೆ."

ಶುಕ್ರವಾರ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅವಳು ಕೂರಲಿಲ್ಲ. ಬನಶಂಕರಿಯ ಸಿಗ್ನಲ್‌ನಲ್ಲಿ ಹೂವಿನ ಗಾಡಿ, ಸೊಪ್ಪಿನ ಗಾಡಿ, ಶಾಲೆಯ ವ್ಯಾನು, ಎಲ್ಲವೂ ಒಟ್ಟಿಗೇ ಹಾರ್ನ್ ಹೊಡೆಯುತ್ತಿದ್ದವು. "ಬಿಡ್ರೋ, ಬಿಡ್ರೋ," ಎಂದು ಅವಳು ಕಿಟಕಿಯ ಗಾಜಿಗೆ ಮೆಲ್ಲಗೆ ಹೇಳುತ್ತಿದ್ದಳು.

ಗ್ರಾಹಕ ಕಂಪನಿಯಿಂದ ಬಂದವರು ಇಬ್ಬರು, ಒಬ್ಬರು ಗಂಡಸು, ಒಬ್ಬರು ಹೆಂಗಸು. ನೀಲಿ ಕೋಟು ಹಾಕಿಕೊಂಡು ಗಾಜಿನ ಪಕ್ಕ ನಿಂತರು. ಸೈರನ್ ಕೂಗಿತು. ಜನ ಒಳಗೆ ಬಂದರು, ಯಾವತ್ತಿನಂತೆ ಸುತ್ತು ಹಾಕಿಕೊಂಡು.

ಮುಂದೆ ಮಹೇಶ. ಅವನ ಕಾಲು ಹಲಗೆಯನ್ನು ದಾಟಿ ಹೋಯಿತು. ಕೈ ತಾನಾಗಿಯೇ ಹಳದಿ ಕಂಬದ ಕಡೆಗೆ ಎದ್ದಿತು. ಇಂದ್ರಾಣಿ ಒಂದು ಹೆಜ್ಜೆ ಮುಂದಿಟ್ಟಳು.

"ಮಹೇಶಣ್ಣ, ಕೈ," ಎಂದಳು ಹಿಂದಿದ್ದ ಶ್ವೇತ.

ಕೈ ಗಾಳಿಯಲ್ಲೇ ನಿಂತಿತು. ಅವನು ನಾಲಗೆ ಕಚ್ಚಿಕೊಂಡು ಹಿಂದಕ್ಕೆ ಬಂದು ಹಲಗೆ ಮುಟ್ಟಿದ. ಆಮೇಲೆ ಶ್ವೇತ. ಆಮೇಲೆ ಕ್ಯಾಂಟೀನಿನವರು. ಹಣೆ ಹಚ್ಚುತ್ತಿದ್ದ ಹಿರಿಯರು ಹಲಗೆಯನ್ನೊಮ್ಮೆ ತಟ್ಟಿ ನೋಡಿ, ಅದರ ಗಟ್ಟಿತನ ಒಪ್ಪಿಗೆಯಾದಂತೆ ತಲೆಯಾಡಿಸಿ, ಹಣೆ ಹಚ್ಚಿದರು. ಸಾಲು ಕರಗಿತು. ಕಂಬದ ತುದಿಯಲ್ಲಿ ಹಸಿರು ದೀಪ ಅಲುಗಾಡದೆ ಉರಿಯುತ್ತಿತ್ತು.

ಇಂದ್ರಾಣಿ ಗುಂಡಿ ಒತ್ತಿದಳು. ಬಿಳಿ ತೋಳು ಬಗ್ಗಿತು, ಎತ್ತಿತು, ಕೊಟ್ಟಿತು, ತೋರಿಸಿತು, ಇಟ್ಟಿತು. ಮೊದಲ ಟ್ರೇ ತುಂಬಿತು. ಎಂದಿನಂತಾದರೆ ಇಷ್ಟು ಹೊತ್ತಿಗೆ ನಿಲ್ಲಬೇಕಿತ್ತು. ತಮ್ಮ ತಮ್ಮ ಮೆಷಿನ್‌ಗೆ ಹೋದವರೆಲ್ಲ ಕತ್ತು ಇತ್ತಲೇ ಹೊರಳಿಸಿದ್ದರು. ಎರಡನೇ ಟ್ರೇ. ವಿಶ್ರುತ್ ಉಗುರು ಕಚ್ಚುತ್ತಿದ್ದ. ಮೂರನೆಯದು ತುಂಬಿದಾಗ ಪ್ಯಾಕಿಂಗ್ ಕಡೆಯಿಂದ ಯಾರೋ ಸಣ್ಣಗೆ ಶಿಳ್ಳೆ ಹಾಕಿದರು. ಮೇಡಂ ಅತ್ತ ನೋಡಿದರು, ಗದರಿಸಲಿಲ್ಲ. ಕೆಂಪು ಡಬ್ಬಿ ಖಾಲಿಯೇ ಇತ್ತು.

ನೀಲಿ ಕೋಟಿನ ಹೆಂಗಸು ಮೈಸೂರಿನ ಕಡೆಯವರಂತೆ, ಕನ್ನಡದಲ್ಲೇ ಕೇಳಿದರು: "ಎಲ್ರೂ ಅದನ್ನ ಮುಟ್ಟಿ ಹೋದ್ರು. ನೀವು ಮುಟ್ಲೇ ಇಲ್ವಲ್ಲ?"

ಇಂದ್ರಾಣಿ ತಿರುಗಿ ಹಲಗೆಯನ್ನು ನೋಡಿದಳು, ತನ್ನ ಕೈಯನ್ನು ನೋಡಿಕೊಂಡಳು. "ಹೌದಲ್ಲ ಮೇಡಂ," ಎಂದಳು. "ಗಾಬರೀಲಿ ಮರ್ತೇಹೋಯ್ತು." ಜೀವಮಾನದಲ್ಲಿ ಮೊದಲ ಸಲ ಅವಳು ಮುಟ್ಟದೆ ಕೆಲಸ ಶುರುಮಾಡಿದ್ದಳು. ಸೆಲ್ ಓಡುತ್ತಲೇ ಇತ್ತು. ಅವಳಿಗೆ ನಗು ಬಂತು. ಆ ನಗುವನ್ನು ಅಡಗಿಸಲು ಅವಳು ಮುಖ ತಿರುಗಿಸಲಿಲ್ಲ.

ಮಧ್ಯಾಹ್ನ ಬಂದವರು ಹೊರಟುಹೋದ ಮೇಲೆ ಸತ್ಯಭಾಮಾ ಮೇಡಂ ಫೋನು ಕೈಯಲ್ಲಿ ಹಿಡಿದುಕೊಂಡೇ ಸೆಲ್ಲಿನ ಹತ್ತಿರ ಬಂದರು. ಅವರ ನಡಿಗೆಯಲ್ಲೇ ಉತ್ತರವಿತ್ತು. ವಿಶ್ರುತ್, ಮಹೇಶ, ನಾನು ಸುತ್ತ ಸೇರಿದೆವು.

"ಪುಣೆಯಿಂದ ಫೋನ್ ಬಂತು. ಸೆಲ್ ಎಲ್ಲೂ ಹೋಗಲ್ಲ. ಲೀಡರ್ ಹೆಸ್ರು ಈಗ್ಲೇ ಬೇಕಂತೆ. ನಿನ್ನ ಹೆಸ್ರು ಹೇಳ್ತೀನಿ, ಆಗ್ಬಹುದಾ?"

"ಹೇಳಿ ಮೇಡಂ," ಎಂದಳು ಇಂದ್ರಾಣಿ. ಅವಳ ಕಣ್ಣು ತುಂಬಿತ್ತು, ಮಾತು ಮಾತ್ರ ಓಡುತ್ತಿತ್ತು. "ಆದ್ರೆ ಎರಡನೇ ಪಾಳಿಗೂ ಆಪರೇಟರ್ ಬೇಕಾಗುತ್ತೆ ಮೇಡಂ. ಪ್ಯಾಕಿಂಗ್‌ನಿಂದ ಶ್ವೇತನ್ನ ಕೊಡಿ. ಅವಳ ಕಣ್ಣು ಚುರುಕು, ಕೈ ಸರಿಯಾದ ಹೊತ್ತಿಗೆ ನಿಲ್ಸೋದೂ ಗೊತ್ತು. ನಾನೇ ಕಲಿಸ್ತೀನಿ, ಮೊದ್ಲು ಟ್ರೇ, ಆಮೇಲೆ ಕ್ಯಾಮೆರಾ, ಆಮೇಲೆ ಅವಳಿಗೆ..."

ಸೆಲ್ಲಿನ ಮೇಲೆ ಟ್ರೇ ಮುಗಿದ ದೀಪ ಮಿನುಗಿತು.

"ಒಂದ್ನಿಮಿಷ, ಬಂದೆ ಮೇಡಂ, ಇದೊಂದು ಹಾಕ್ಬಿಟ್ಟು," ಎನ್ನುತ್ತಾ ಅವಳು ಆಗಲೇ ನಡೆಯತೊಡಗಿದ್ದಳು. ಬೆನ್ನು ನಮ್ಮ ಕಡೆಗೆ, ದನಿ ಮೆಷಿನ್‌ಗಳ ಸದ್ದಿನೊಳಗೆ. "ಶ್ವೇತಂಗೆ ನಾಳೆಯಿಂದ್ಲೇ ಬೆಳಿಗ್ಗೆ ಬಾ ಅಂತ ಹೇಳಿ, ಅವಳು ಬಂದ್ರೆ ನಾನು ಮೊದ್ಲಿಗೆ ಅವಳನ್ನ ಟ್ರೇ ಮುಂದೆ ನಿಲ್ಲಿಸ್ತೀನಿ..."